ಪಕ್ಕದ ಮನೆಯ ಸಾಲ

ಐವತ್ತೆರಡರಲ್ಲಿ ಇಪ್ಪತ್ತೇಳು ಹೋದರೆ
ಮೂವತ್ತೈದು ಅನ್ನುತ್ತಾನೆ ಲೋಹಿತ, ಐದನೇ ಕ್ಲಾಸು.
ಏಳರಲ್ಲಿ ಎರಡು ತೆಗೆದು ಐದು,
ಐದರಲ್ಲಿ ಎರಡು ತೆಗೆದು ಮೂರು.
ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು,
ಅಷ್ಟನ್ನು ಗಟ್ಟಿಯಾಗಿ ಕಲಿತಿದ್ದಾನೆ.
ಅದರ ಮುಂದಿನ ಪಾಠದ ಹೊತ್ತಿಗೆ
ಮೂರು ವರ್ಷದಿಂದ ಯಾರೂ ಉಳಿದಿಲ್ಲ.

ಬಂದಿದ್ದರು. ಹಾಜರಿ ಪುಸ್ತಕದಲ್ಲಿ
ನನ್ನ ಹೆಸರಿನ ಕೆಳಗಿನ ಸಾಲು ಅವರದು.
ನಾನದನ್ನು ಪೆನ್ಸಿಲಿನಲ್ಲಿ ಬರೆಯುತ್ತೇನೆ ಈಗ.
ಅತಿಥಿ ಶಿಕ್ಷಕರು ಅನ್ನುತ್ತದೆ ಆದೇಶ.
ನಮ್ಮ ಕಡೆ ಅತಿಥಿ ಬಂದರೆ
ಮೊದಲು ಕಾಲಿಗೆ ನೀರು, ಬಾಯಿಗೆ ಬೆಲ್ಲ, ಮಾತು ಆಮೇಲೆ.
ಇವರಿಗೆ ಮೊದಲೇ ಮಾತು:
ಹತ್ತು ಸಾವಿರ. ಬಂದಾಗ ಬರುತ್ತೆ.

ತಿಪ್ಪೇಶ ಜಗಳೂರಿನವ, ಮಳೆಗೆ ಹೆದರುತ್ತಿದ್ದ.
ನೆಲದ ಮೇಲೆ ಸುಣ್ಣದಲ್ಲಿ ನೂರರವರೆಗೆ ಗೆರೆ ಹಾಕಿ
ಮಕ್ಕಳನ್ನು ಹಿಂದಕ್ಕೆ ಮುಂದಕ್ಕೆ ಕುಣಿಸಿದ.
ಹೊಸನಗರದಿಂದ ಒಂದೇ ಬಸ್ಸು, ತಪ್ಪಿದರೆ ನಡಿಗೆ.
ನವೆಂಬರಿನಲ್ಲಿ ಕಾರೆಮಟ್ಟಿಗೆ ಬರುವುದು ಬಿಟ್ಟ.
ಶಿವಮೊಗ್ಗದ ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿದ್ದ ಒಮ್ಮೆ,
ಮೀಟರಿನ ಸೊನ್ನೆ ತೋರಿಸಿ ನಕ್ಕ:
ಇಲ್ಲಿ ವಾರವಾರ ಕೊಡ್ತಾರೆ ಮೇಡಂ.

ಫಿಲೋಮಿನಾ ಮಾಚೇನಹಳ್ಳಿಯ ಗಾರ್ಮೆಂಟ್ಸಿಗೆ ಹೋದಳು.
ಬಿ.ಎಡ್. ಮಾಡಿದ ಹುಡುಗಿ, ಕಾಲರು ಹೊಲಿಯುತ್ತಾಳೆ.
ಬಸ್ಸು ಬಾಗಿಲಿಗೇ ಬರುತ್ತದಂತೆ, ಪಿ.ಎಫ್. ಇದೆಯಂತೆ.
ಹೋಗಬೇಡ ಅನ್ನಲು ನನ್ನ ನಾಲಿಗೆ ಏಳಲಿಲ್ಲ.
ಅದೇ ಬೋರ್ಡು, ಅದೇ ಸೀಮೆಸುಣ್ಣ,
ನನಗೆ ಅವಳ ಎಂಟು ಪಟ್ಟು.

ಚಂದ್ರಾವತಿಯಂತೂ ಆ ಪಾಠದ ಬಾಗಿಲಿಗೆ ಬಂದಿದ್ದಳು.
ಎರಡರಲ್ಲಿ ಏಳು ಹೋಗಲ್ಲ ಮಕ್ಕಳೇ,
ಪಕ್ಕದ ಮನೆಯಿಂದ ಸಾಲ ತರಬೇಕು, ಅಂದಳು.
ಆ ದಿನ ಸಂಜೆಯೇ ಸ್ಟಾಫ್ ರೂಮಿನಲ್ಲಿ, ಸೆರಗು ತಿರುವುತ್ತಾ,
ನನ್ನ ಹತ್ತಿರ ಎರಡು ಸಾವಿರ ಕೇಳಿದಳು.
ನಾಲ್ಕು ತಿಂಗಳ ಸಂಬಳ ಬಾಕಿ ಇತ್ತು.
ಕೊಟ್ಟೆ. ಸೋಮವಾರ ಅವಳು ಬರಲಿಲ್ಲ.
ಬೋರ್ಡಿನ ಮೇಲೆ ಐದನ್ನು ಹೊಡೆದು ನಾಲ್ಕು ಬರೆದದ್ದು
ಹಾಗೇ ಇತ್ತು, ಕೆಳಗೆ ಉತ್ತರ ಇಲ್ಲ.
ಅಳಿಸಿದವಳು ನಾನೇ. ಮೂರು ಕ್ಲಾಸು, ಬಿಸಿಯೂಟದ ಲೆಕ್ಕ,
ಮೊಟ್ಟೆಯ ಫೋಟೋ ಹನ್ನೆರಡರೊಳಗೆ ಅಪ್‌ಲೋಡ್ ಆಗಬೇಕು.

ಹಸಲರ ಕೇರಿಯಿಂದ ಲೋಹಿತನ ಅವ್ವ ಬಂದಿದ್ದಳು ನಿನ್ನೆ.
ಕೂಲಿ ಐನೂರಿಪ್ಪತ್ತು, ಮುಂಗಡ ಹಿಡಿದದ್ದು ಇನ್ನೂರೆಪ್ಪತ್ತು.
ಮಗನನ್ನು ಕೇಳಿದಳು. ಮುನ್ನೂರೈವತ್ತು ಬರಬೇಕು ಅಂದ.
ಇಸ್ಕೂಲಿಗೆ ಹೋಗೋ ಮಗ ಹೇಳಿದ್ದಾನಲ್ಲ!
ಅಷ್ಟೂ ಜನರ ಎದುರು ಮೇಸ್ತ್ರಿಯ ಕೈ ಹಿಡಿದು ಜಗಳಕ್ಕೆ ನಿಂತಳು,
ನೂರು ರೂಪಾಯಿ ನುಂಗಿದೆ ಅಂತ.
ಅವನು ಮೊಬೈಲಿನಲ್ಲಿ ಒತ್ತಿ ತೋರಿಸಿದ. ಎಲ್ಲರೂ ನಕ್ಕರು.
ಈ ವಾರ ಅವಳಿಗೆ ಕೆಲಸವಿಲ್ಲ.

ಬೈಯಲು ಬಂದವಳಲ್ಲ. ಹೊರಗೆ ಚಪ್ಪಲಿ ಬಿಟ್ಟು ನಿಂತು ಕೇಳಿದಳು:
ತಪ್ಪು ಮೇಸ್ತ್ರೀದೇನ್ರೀ, ನನ್ ಮಗಂದೇನ್ರೀ?
ಇಬ್ಬರದೂ ಅಲ್ಲ ಅಂದೆ.
ಮತ್ತೆ ಯಾರದು, ಅಂತ ಅವಳು ಕೇಳಲಿಲ್ಲ.
ಕೇಳಿದ್ದರೆ ನಾನು ಯಾವ ದಿಕ್ಕಿಗೆ ಕೈ ತೋರಿಸುತ್ತಿದ್ದೆ?

ಇವತ್ತು ಶನಿವಾರ. ಮಧ್ಯಾಹ್ನ ಅವನನ್ನು ಉಳಿಸಿಕೊಂಡೆ.
ಹಂಚಿಕಡ್ಡಿ ಹತ್ತರಂತೆ ರಬ್ಬರು ಹಾಕಿ ಐದು ಕಟ್ಟು, ಬಿಡಿ ಎರಡು.
ಒಂದು ಕಟ್ಟು ಬಿಚ್ಚಿದ. ಎಣಿಸಿದ. ಮತ್ತೆ ಎಣಿಸಿದ.
ಇಪ್ಪತ್ತೈದು, ಅಂದ, ಯಾರೋ ಮೋಸ ಮಾಡಿದವರಂತೆ ನನ್ನನ್ನೇ ನೋಡಿ.
ಆಮೇಲೆ ಕಡ್ಡಿ ಬಳಿಯುತ್ತಾ ಕೇಳಿದ:
ಪಕ್ಕದ ಮನೆಯಿಂದ ತಂದದ್ದು ವಾಪಸು ಯಾವಾಗ ಕೊಡೋದು ಟೀಚರ್?

ಆ ಪಾಠದಲ್ಲಿ ಅದು ಬರುವುದಿಲ್ಲ.
ಬಸ್ಸಿಗೆ ಹೊತ್ತಾಗಿತ್ತು. ಬೀಗ ಹಾಕಿದೆ.
ಜೂನಿಗೆ ಹೊಸಬರೊಬ್ಬರು ಬರುತ್ತಾರಂತೆ, ಫೋನು ಮಾಡಿದ್ದರು,
ಮಕ್ಕಳೆಷ್ಟು ಎಂದು ಕೇಳಲಿಲ್ಲ,
ಸಂಬಳ ಯಾವ ತಾರೀಕು ಅಂದರು.
ಸರಿಯಾದದ್ದನ್ನೇ ಕೇಳಿದರು.